ಬುಧವಾರದ ಖಾಲಿ ಖಾನೆ

ಅಕ್ಟೋಬರ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ಅಮೆರಿಕದ ಪ್ಲೇನ್ಸ್‌ಬರೋದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಹೊಳೆದಂಡೆ. ಹಾಜರಿದ್ದವರು ವಿಜ್ಞಾನದ ಟೀಚರ್, ಆರು ವಿದ್ಯಾರ್ಥಿಗಳು, ನಾನು. ಟೀಚರ್ ಹಾಕಿಕೊಂಡಿದ್ದ ರಬ್ಬರ್ ಬೂಟಿಗೆ ಸೈಕಲ್ ಟ್ಯೂಬಿನ ತೇಪೆ. ಹೊಸದು ಕೊಳ್ಳಿ ಎಂದರೆ, "ಇನ್ನೂ ನೀರು ಒಳಗೆ ಬಂದಿಲ್ಲ ಅಂಕಲ್" ಎನ್ನುತ್ತಿದ್ದರು.

ಅವರು ಮೈಸೂರಿನ ಮಂಡಿ ಮೊಹಲ್ಲಾದವರು. ಎರಡು ಸಾವಿರದ ಇಸವಿ ಬರುವ ಮುಂಚೆ ಕಂಪ್ಯೂಟರ್‌ಗಳಲ್ಲಿ ತಾರೀಖು ತಿದ್ದುವ ಕೆಲಸದಿಂದ ನನ್ನ ಮಗನಿಗೆ ಶನಿವಾರವೂ ಬಿಡುವಿರಲಿಲ್ಲ. ಮೊಮ್ಮಗಳ ಜೊತೆ ನಾನೇ ಹೋಗುತ್ತಿದ್ದೆ. ಹೊಳೆಗೆ ಅಡ್ಡಲಾಗಿ ಬೀವರ್ ಎಂಬ ಪ್ರಾಣಿಗಳ ಜೋಡಿಯೊಂದು ಹಲ್ಲಿನಿಂದ ಮರ ಕಡಿದು ಒಡ್ಡು ಕಟ್ಟಿತ್ತು. ಮಕ್ಕಳು ಹಲ್ಲಿನ ಗುರುತು ಬಿದ್ದ ಮರಗಳನ್ನು ಎಣಿಸುತ್ತಿದ್ದರು, ಹೊಳೆಯಲ್ಲಿ ನೆಟ್ಟ, ಗೆರೆ ಎಳೆದ ಕೋಲಿನಲ್ಲಿ ನೀರಿನ ಮಟ್ಟ ಓದಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಉಳಿದ ದಿನಗಳಲ್ಲಿ ಮಟ್ಟ ನೋಡಿ ಬರೆಯಲು ಒಬ್ಬೊಬ್ಬರಿಗೆ ಒಂದೊಂದು ಪಾಳಿ ಇತ್ತು. ನೀರು ಒಂಬತ್ತನೆಯ ಗೆರೆ ಮುಟ್ಟಿದರೆ ಬೀವರ್‌ಗಳನ್ನು ಹಿಡಿಯಲು ಬೋನು ಇಡಿಸುವುದಾಗಿ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹೇಳಿದ್ದ. ಅಂದು ಹತ್ತಕ್ಕೆ ಪುಸ್ತಕ ನೋಡಲು ಬರುವವನಿದ್ದ. ನೀರು ಆಗಲೇ ಎಂಟರಲ್ಲಿತ್ತು.

ಟೀಚರ್ ಪುಟ ತಿರುವಿದರು. "ಬುಧವಾರ ಆರು ಅಂತಿದೆ. ಅವತ್ತು ಜೋರು ಮಳೆ. ಬಂದು ನೋಡಿದ್ರಾ ಅಂಕಲ್?"

ಬುಧವಾರದ ಪಾಳಿ ನನ್ನದು. ಮೂವತ್ತು ವರ್ಷದ ಕಚೇರಿ ಕೆಲಸದಲ್ಲಿ ರಿಜಿಸ್ಟರಿನ ಖಾನೆ ಖಾಲಿ ಬಿಟ್ಟವನಲ್ಲ.

"ಇಲ್ಲಮ್ಮ. ಹಿಂದಿನ ದಿನದ್ದೇ ಬರೆದೆ."

"ನಿಮ್ಮ ಕಚೇರಿ ರೂಲ್ಸು ಹೊಳೆಗೆ ಯಾರು ಹೇಳಬೇಕು?" ಎಂದು ನಕ್ಕರು.

"ಬಟ್ ಸಿಕ್ಸ್ ಹೆಲ್ಪ್ಸ್ ಅಸ್, ಮ್ಯಾಮ್," ಎಂದಳು ಮೊಮ್ಮಗಳು.

"ಕಣ್ಣಿಗೆ ಕಂಡಿದ್ದು ಮಾತ್ರ ಬರಿಯೋದು, ಮಗಳೇ." ಆರನ್ನು ಹೊಡೆದುಹಾಕಿ, 'ನೋಡಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದು, ತಾವೇ ಸಹಿ ಹಾಕಿದರು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಹತ್ತಾಗುವವರೆಗೆ ನಾನು ನಾಲ್ಕು ಸಲ ಗಡಿಯಾರ ನೋಡಿದೆ. ಮ್ಯಾನೇಜರ್ ಬಂದವನೇ ಆ ಸಾಲಿನ ಮೇಲೆ ಬೆರಳಿಟ್ಟ. ಬುಧವಾರ ನೀರು ಒಂಬತ್ತು ಮುಟ್ಟಿರಬಹುದಲ್ಲವೇ ಎಂದು ಕೇಳಿದ.

ಮುಟ್ಟಿರಬಹುದು, ನಮಗೆ ಗೊತ್ತಿಲ್ಲ ಎಂದರು ಟೀಚರ್.

ಆತ ಪುಸ್ತಕವನ್ನು ಮೊದಲ ಪುಟದಿಂದ ಓದಿದ. ಎರಡು ವಾರ ತಡೆಯುತ್ತೇನೆ, ಆದರೆ ದಿನವೂ ನೋಡಿ ಬರೆಯಬೇಕು ಎಂದು ಹೇಳಿ ಹೊರಟ.

ಟೀಚರ್ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. "ಶಾಲೆ ದಿನ ನಂಗಾಗಲ್ಲ. ಏಳು ಗಂಟೆಗೆ ನೀವೇ ಬರ್ತೀರಲ್ಲ ಅಂಕಲ್?"

ಅವರೀಗ ಇಲ್ಲ. ತಪ್ಪು ಮಾಡಿದವನ ಕೈಗೇ ಪುಸ್ತಕ ಕೊಟ್ಟ ಆ ಋಣ ನನ್ನ ಮೇಲಿದೆ. ಆ ಎರಡು ವಾರ ನೀರು ಎಂಟನ್ನು ದಾಟಲಿಲ್ಲ, ಬೋನು ಬರಲಿಲ್ಲ.

ಆ ಶನಿವಾರ ಎಲ್ಲರೂ ಹೋದ ಮೇಲೆ ಮತ್ತೊಮ್ಮೆ ಇಳಿದು, ಕನ್ನಡಕ ಒರೆಸಿಕೊಂಡು ಕೋಲು ನೋಡಿದೆ. ಎಂಟು. ಬರೆದೆ.