ಮೆತ್ತಗೆ ಹಿಡಿಯುವ ಕ್ಲಚ್ಚು

ಮದ್ದೂರಿನಲ್ಲಿ ನಾನು ಡ್ರೈವಿಂಗ್ ಸ್ಕೂಲ್ ತೆಗೆದಾಗ ಇದ್ದದ್ದು ಒಂದೇ ಕಾರು. ನನ್ನ ಕಡೆಯ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಕೂರಿಸಿದ್ದೆ. ಕಲಿಯುವವರು ಎಡವಟ್ಟು ಮಾಡಿದರೆ ನನ್ನ ಕಾಲು ಅದನ್ನು ತಡೆಯಬೇಕು, ಅದಕ್ಕೆ. ಆದರೂ ಒಂದು ತೊಂದರೆಗೆ ಮದ್ದೇ ಇರಲಿಲ್ಲ. ಗಾಡಿ ಎತ್ತುವಾಗ ಹೊಸಬರು ಕ್ಲಚ್ಚಿನಿಂದ ಕಾಲನ್ನು ದಡಕ್ಕನೆ ತೆಗೆಯುತ್ತಿದ್ದರು. ಗಾಡಿ ಒಮ್ಮೆ ಎಗರಿ ಎಂಜಿನ್ನು ಆಫ್. ಹಿಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಮಳವಳ್ಳಿ ಬಸ್ಸು, ಎಲ್ಲರ ಹಾರನ್ನೂ ನಮ್ಮ ಮೇಲೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಾಲ್ಕು ಸಲ ಆಫ್ ಆದರೆ ಐದನೆಯದಕ್ಕೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಮಾರನೆಯ ದಿನ ಅವರು ಬರುತ್ತಿರಲಿಲ್ಲ.

ಮಂಡ್ಯದಲ್ಲಿ ನನ್ನ ಜೊತೆ ಓದಿದ ಮೆಕ್ಯಾನಿಕ್ ಒಬ್ಬ ಇದ್ದ. ಕಾರನ್ನು ಅವನ ಹತ್ತಿರ ಒಯ್ದು, ಕ್ಲಚ್ ಕೇಬಲ್ಲನ್ನು ಎಳೆದು ಬಿಗಿ ಮಾಡು ಎಂದೆ. ಕಾಲು ಪೂರ್ತಿ ಮೇಲೆ ಬಂದ ಮೇಲೆಯೇ ಕ್ಲಚ್ಚು ಹಿಡಿದು ಗಾಡಿಯನ್ನು ಎಳೆಯಬೇಕು, ಹಿಡಿದರೂ ಅರ್ಧಂಬರ್ಧ ಹಿಡಿಯಬೇಕು. ಆಗ ಯಾರು ಹೇಗೆ ಕಾಲು ತೆಗೆದರೂ ಗಾಡಿ ಎಗರುವುದಿಲ್ಲ.

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ತಲೆ ನೆಟ್ಟಗದಾ ನಿಂಗೆ? ಪೆಡಲ್ಗೆ ಒಂಚೂರು ಆಟ, ಸಡ್ಲ ಇರ್ಬೇಕು ಕಣ್ಲಾ. ಇಂಗೆ ಬಿಗಿ ಮಾಡುದ್ರೆ ಕ್ಲಚ್ ಪ್ಲೇಟು ಜಾರ್ತಾನೇ ಇರ್ತದೆ. ಬೆಂದೋಯ್ತದೆ."

"ಪ್ಲೇಟು ಬೇಯ್ಲಿ ಬುಡ್ಲಾ. ಜನ ಎದರ್ಕಂಡು ಓಡೋಗ್ಬಾರ್ದು."

ಅವನು ಗೊಣಗುತ್ತಲೇ ಬಿಗಿ ಮಾಡಿಕೊಟ್ಟ. ಅಂದಿನಿಂದ ನನ್ನ ಕಾರು ಸಾಧುವಾಯಿತು. ಕಾಲು ಹೇಗೆ ತೆಗೆದರೂ ಒಂದು ಗಳಿಗೆ ಯೋಚಿಸಿ, ಆಮೇಲೆ ಮೆತ್ತಗೆ ಹೊರಡುತ್ತಿತ್ತು. ನಾನು ಪಾಠವನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಿದೆ. "ಆಕ್ಸಿಲರೇಟರ್ ಚೆನ್ನಾಗಿ ಕೊಡಿ, ಕಾಲು ಪೂರ್ತಿ ಬಿಟ್ಬಿಡಿ, ಗಾಡಿ ತಾನೇ ಹೋಗುತ್ತೆ." ಕ್ಲಚ್ಚು ಸುಟ್ಟ ವಾಸನೆ ಕಾರಿನೊಳಗೆ ಸದಾ ಇರುತ್ತಿತ್ತು. ಒಂದು ಊದುಬತ್ತಿ ಸಿಕ್ಕಿಸಿಟ್ಟೆ. ಬೈಗುಳ ನಿಂತಿತು, ಒಳ್ಳೆಯ ಮೇಷ್ಟ್ರು ಎಂಬ ಹೆಸರು ಬಂತು. ನಾನೂ ಅದನ್ನು ನಂಬಿದೆ.

ಒಂದೇ ವರ್ಷದಲ್ಲಿ ಎರಡು ಪ್ಲೇಟು ಸವೆದವು. ಎರಡನೆಯದನ್ನು ಬಿಚ್ಚಿದಾಗ ರಿವೆಟ್ಟುಗಳು ಎದ್ದು ಕಾಣುತ್ತಿದ್ದವು, ಮೈಯೆಲ್ಲ ಕಪ್ಪಾಗಿತ್ತು. ಮೆಕ್ಯಾನಿಕ್ ಅದನ್ನು ನನ್ನ ಕೈಗೇ ಕೊಟ್ಟ. "ಇದ್ ಬುಡು, ಒಸದು ಆಕ್ಬೌದು. ನಿನ್ ತಾವ ಕಲ್ತೋರು ಬ್ಯಾರೆ ಗಾಡಿ ಎತ್ತುದ್ರೆ ಏನಾಯ್ತದೆ ಅಂತ ಯೋಚ್ನೆ ಮಾಡಿದ್ಯೇನ್ಲಾ?" ಎಂದ. ಹೊಂದಿಕೊಳ್ಳುತ್ತಾರೆ ಬಿಡು ಎಂದು ನಕ್ಕೆ. ಆ ನಗುವನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ವರ್ಷವೇ ಟೀಚರ್ ಒಬ್ಬರು ಕಲಿಯಲು ಬಂದರು. ಮದ್ದೂರು-ಮಳವಳ್ಳಿ ರಸ್ತೆಯ ಬದಿಯ ಹಳ್ಳಿಯವರು. ಹಲಗೂರಿನ ಆಚೆ ಸ್ಕೂಲು, ದಿನಕ್ಕೆ ಎರಡು ಬಸ್ಸು ಬದಲಾಯಿಸಬೇಕು. ಜೊತೆಗೆ ಅವರ ಅತ್ತೆಯೂ ಬರುತ್ತಿದ್ದರು. ಹಿಂದಿನ ಸೀಟಿನಲ್ಲಿ ಎಲೆಅಡಿಕೆ ಚೀಲ ಇಟ್ಟುಕೊಂಡು ಕೂತು, ಎದುರು ಬಂದ ಲಾರಿಗಳನ್ನೆಲ್ಲ ಬೈಯುತ್ತಿದ್ದರು. "ನಾವಂತೂ ಬಸ್ಸಿಗ್ ಕಾದೇ ಸತ್ವಿ. ಇವ್ಳಾರ ಕಲೀಲಿ ಮೇಷ್ಟ್ರೇ," ಎನ್ನುತ್ತಿದ್ದರು. ಅಂಥ ಅತ್ತೆ-ಸೊಸೆಯನ್ನು ನಾನು ನೋಡಿರಲಿಲ್ಲ. ಟೀಚರ್ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರು. ಮಂಡ್ಯದಲ್ಲಿ ಲೈಸೆನ್ಸ್ ಪರೀಕ್ಷೆಗೂ ನನ್ನ ಕಾರನ್ನೇ ಓಡಿಸಿ ಮೊದಲ ಸಲಕ್ಕೇ ಪಾಸಾದರು.

ಹೊಸ ಕಾರು ಬಂದಾಗ ಪೂಜೆಗೆ ನಾನೇ ಬರಬೇಕು ಎಂದು ಅತ್ತೆ ಹಟ ಹಿಡಿದರು. ಕಾರು ಮನೆಗೆ ಮುಖ ಮಾಡಿ ನಿಂತಿತ್ತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದರು. ಅದರ ಮೇಲೆ ಅರ್ಧ ಉರುಳು ಉರುಳಿಸಿದರೆ ಸಾಕು, ಪೂಜೆ ಮುಗಿಯಿತು. ಟೀಚರ್ ಸ್ಟಿಯರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕೂತೆ. ಅವರ ಗಂಡ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು.

ಇದರ ಕ್ಲಚ್ಚು ಕೆಳಗೇ ಹಿಡಿಯುತ್ತದೆ, ಕಾಲನ್ನು ಇಂಚಿಂಚೇ ಬಿಡಿ ಎಂದು ಹೇಳಬೇಕು ಅಂದುಕೊಂಡೆ. ಮಾತು ನಾಲಿಗೆಯವರೆಗೂ ಬಂದಿತ್ತು. ಹೇಳಿದರೆ, ನಿಮ್ಮದು ಯಾಕೆ ಹೀಗಿರಲಿಲ್ಲ ಎಂದು ಕೇಳುತ್ತಾರೆ. ಅಷ್ಟು ಜನರ ಎದುರು ಅದಕ್ಕೆ ನಾನು ಏನು ಹೇಳಲಿ? "ನಿಧಾನ ಟೀಚರ್," ಎಂದೆ, ಅಷ್ಟೇ.

ಆರತಿ ಎತ್ತಿ ಜಗಲಿಯ ಕಡೆ ಸರಿದಿದ್ದ ಅತ್ತೆ, ಕಾರಿನ ಮುಂದೆ ನೆಲದ ಮೇಲಿದ್ದ ಆರತಿ ತಟ್ಟೆ ಚಕ್ರಕ್ಕೆ ಸಿಕ್ಕೀತು ಎಂದು ಬಗ್ಗಿ ಎತ್ತಿಕೊಳ್ಳಲು ಬಂದರು. ಟೀಚರ್ ಆಗಲೇ ನಾನು ಕಲಿಸಿದಂತೆ ಆಕ್ಸಿಲರೇಟರ್ ಚೆನ್ನಾಗಿ ಕೊಟ್ಟು, ಕಾಲನ್ನು ಪೂರ್ತಿ ಬಿಟ್ಟಿದ್ದರು. ಕಾರು ಎಗರಿತು. ನನ್ನ ಬಲಗಾಲು ಬ್ರೇಕಿಗೆ ಹೋಯಿತು. ಅಲ್ಲಿ ಬ್ರೇಕು ಇರಲಿಲ್ಲ. ಹೊಸ ಮ್ಯಾಟನ್ನು ಒತ್ತಿ ಹಿಡಿದೇ ಇದ್ದೆ. ಜಗಲಿಯ ಕಲ್ಲಿಗೂ ಬಂಪರಿಗೂ ನಡುವೆ ಅತ್ತೆಯ ಕಾಲು ಸಿಕ್ಕಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಜೀವ ಉಳಿಯಿತು, ಮೊಣಕಾಲು ಮಡಿಸಲು ಬರಲಿಲ್ಲ. ವಿಡಿಯೋ ಊರೂರು ಸುತ್ತಿತು. ಸೊಸೆ ಅತ್ತೆಯ ಮೇಲೆ ಕಾರು ಹತ್ತಿಸಿದಳು, ಬೇಕೆಂದೇ ಹತ್ತಿಸಿದಳು ಎಂದು ಮದ್ದೂರಿನ ಟೀ ಅಂಗಡಿಯಲ್ಲಿ ನನ್ನ ಎದುರೇ ಆಡಿಕೊಂಡರು. ಟೀ ಕುಡಿದು ಎದ್ದು ಬಂದೆ. ಮಾರನೆಯ ದಿನ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದು ಕೇಬಲ್ಲು ಸಡಿಲ ಮಾಡಿಸಿದೆ. ಅವನು ಕೆಲಸ ಮುಗಿಸಿ ಕೀ ನನ್ನ ಕೈಗಿಟ್ಟ. ನನ್ನ ಕಾರು ಮತ್ತೆ ಎಲ್ಲರಿಗೂ ಆಫ್ ಆಗತೊಡಗಿತು. ನಾನು ಮಾಡಿದ್ದಕ್ಕೆ ಇನ್ನು ಗುರುತೇ ಇರಲಿಲ್ಲ.

ಎರಡು ತಿಂಗಳಾದ ಮೇಲೆ, ಎಲ್ಲ ಹೇಳಿಬಿಡೋಣ ಎಂದುಕೊಂಡು ಟೀಚರ್ ಮನೆಗೆ ಹೋದೆ. ಕಾರಿಗೆ ಕವರ್ ಹಾಕಿತ್ತು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಟೀಚರ್ ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತರು. ಅತ್ತೆ ಸೊಸೆಯ ಕಡೆ ನೋಡಲಿಲ್ಲ.

"ನೀವು ಪಕ್ದಲ್ಲೇ ಕುಂತಿದ್ರಿ. ನಿಜ ಯೋಳಿ ಮೇಷ್ಟ್ರೇ. ಇವ್ಳು ಬೇಕಂತ್ಲೇ ಮಾಡುದ್ಲಾ?"

ಕಾಫಿ ಲೋಟ ಕೈಗೆತ್ತಿಕೊಂಡೆ. ಇದನ್ನು ಹೇಳಲೆಂದೇ ಅಲ್ಲವೇ ನಾನು ಬಂದದ್ದು?

"ಛೆ, ಇಲ್ಲ ಕಣಮ್ಮ. ಒಸ ಗಾಡಿ. ಗಾಬ್ರಿ ಆದ್ರು, ಅಷ್ಟೇಯ," ಎಂದೆ.

"ಗಾಬ್ರಿ," ಎಂದರು ಅತ್ತೆ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು.

ಟೀಚರ್ ಗೇಟಿನವರೆಗೂ ನನ್ನ ಜೊತೆ ಬಂದರು. "ನಾನು ಗಾಬರಿ ಆಗಿರ್ಲಿಲ್ಲ ಸಾರ್," ಎಂದರು. "ನೀವು ಹೇಳ್ಕೊಟ್ಟ ಹಾಗೇ ಕಾಲು ಬಿಟ್ಟೆ. ರಾತ್ರಿಯೆಲ್ಲ ಯೋಚಿಸ್ತೀನಿ, ಗೊತ್ತಾಗಲ್ಲ. ಎಲ್ಲಿ ತಪ್ಪು ಮಾಡ್ದೆ ಹೇಳಿ ಸಾರ್."

"ಇನ್ನೊಂಚೂರು ನಿಧಾನಕ್ಕೆ ಬಿಡ್ಬೇಕಿತ್ತು ಟೀಚರ್," ಎಂದೆ.

ಅವರು ಒಂದು ಕೈಯಲ್ಲಿ ಗೇಟು ಹಿಡಿದುಕೊಂಡರು. ಎಡಗಾಲನ್ನು ನೆಲಕ್ಕೆ ಒತ್ತಿ, ಹಿಮ್ಮಡಿ ಊರಿಕೊಂಡು, ಮುಂಗಾಲನ್ನು ನಿಧಾನವಾಗಿ ಮೇಲಕ್ಕೆತ್ತಿದರು.

"ಹೀಗಾ ಸಾರ್?"

"ಹೂಂ," ಎಂದೆ.