ಕರಡಿಯ ಕಳೆದುಹೋದ ಹೆಸರು

ಕನ್ನಡ-ತೆಲುಗು ಗಡಿಯ ಮಕ್ತಲ್‌ನ ನನ್ನ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದಿ ಕಲಿತವನು ನಾನು. ಅದಕ್ಕೋ ಏನೋ, ಪಂಡಿತರ ಮಾತನ್ನು ಕೇಳಿದೊಡನೆ ಒಪ್ಪುವ ಅಭ್ಯಾಸ ನನಗಾಗಲಿಲ್ಲ.

ಸ್ಲಾವ್ ಜನರ ಮೂಲಭಾಷೆಯಲ್ಲಿ ಕರಡಿಗೆ ‘ಮೆದ್ವೇದಿ’ ಎನ್ನುತ್ತಿದ್ದರಂತೆ. ಇದು ಬರಹದಲ್ಲೆಲ್ಲೂ ಸಿಗದ, ನಂತರದ ಭಾಷೆಗಳಿಂದ ಊಹಿಸಿ ಕಟ್ಟಿದ ಪದ. ಆದ್ದರಿಂದಲೇ ಪುಸ್ತಕಗಳಲ್ಲಿ ಅದರ ಮುಂದೊಂದು ನಕ್ಷತ್ರದ ಗುರುತು. ಪುಲ್ಲಿಂಗ, ಇಕಾರಾಂತ. ಮೊದಲ ಭಾಗ ‘ಮೆದು’, ಅಂದರೆ ಜೇನು, ನಮ್ಮ ‘ಮಧು’ವಿನ ಒಡಹುಟ್ಟು, ಎರಡನೆಯದು ತಿನ್ನುವುದು. ಎರಡೂ ಕೂಡುವಲ್ಲಿ ಉಕಾರ ವಕಾರವಾಗಿದೆ, ಸಂಸ್ಕೃತದ ಸಂಧಿಯಂತೆಯೇ. ಒಟ್ಟಿನಲ್ಲಿ, ಜೇನು ತಿನ್ನುವವನು. ಕರಡಿಗೆ ಸಂಸ್ಕೃತದಲ್ಲಿರುವ ‘ಋಕ್ಷ’ ಪದಕ್ಕೆ ನಂಟಿದ್ದ ಹಳೆಯ ಹೆಸರು ಅಲ್ಲಿ ಅಳಿದೇ ಹೋಯಿತು. ಹೆಸರೆತ್ತಿದರೆ ಕರಡಿ ಬಂದೀತೆಂಬ ಭಯವೇ ಕಾರಣ ಎನ್ನುತ್ತವೆ ಪುಸ್ತಕಗಳು.

ಭಯವೊಂದೇ ಎಂಬುದನ್ನು ನಾನು ನಂಬುವುದಿಲ್ಲ. ನಾರಾಯಣಪೇಟೆಯಿಂದ ಬಂದ ನನ್ನ ಹೆಂಡತಿ ಮದುವೆಯಲ್ಲಿ ಒಡಪಿನ ಪದ್ಯದಲ್ಲಿ ನನ್ನ ಹೆಸರು ಕಟ್ಟಿ ಹೇಳಿದ್ದೇ ಕೊನೆ. ಆಮೇಲೆ ಅದನ್ನು ಬಾಯಿಗೆ ತರಲಿಲ್ಲ. ನನಗೆ ಅಂಜಿದವಳೇ ಅವಳು? “ನಿಮ್ಮ ಪುಸ್ತಕಕ್ಕ ಗೆದ್ದಲ ಹತ್ತಲಿ, ಉಣ್ಣಾಕ ಬರ್ರಿ” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಕಳೆದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಗದ್ವಾಲದ ಆಸ್ಪತ್ರೆಯಲ್ಲಿ, ಹೊರಗಿನಿಂದ ಬಂದಿದ್ದ ಎಳೆಯ ಡಾಕ್ಟರು ನನ್ನನ್ನು ತೋರಿಸಿ ತೆಲುಗಿನಲ್ಲಿ ಇವರ ಹೆಸರೇನೆಂದು ಕೇಳಿದರು. ಅವಳು ತಲೆಯ ಮೇಲೆ ಸೆರಗೆಳೆದು ಗೋಡೆಯ ಕಡೆ ತಿರುಗಿದಳು. ನೆನಪು ಹೋಗಿದೆ ಎಂದರು ಡಾಕ್ಟರು.

ಜೊತೆಗಿದ್ದ ಅವಳ ತಂಗಿ ನಕ್ಕುಬಿಟ್ಟಳು. “ಅಯ್ಯ, ಡಾಕ್ಟರ್ ಸಾಬ್! ಗಂಡನ ಹೆಸರು ಹ್ಯಾಂಗ ಹೇಳ್ತಾಳ್ರಿ? ಬ್ಯಾರೆ ಏನರ ಕೇಳ್ರಿ.”

ಊರು ಕೇಳಿದರು. “ಮಕ್ತಲ್” ಎಂದಳು, ಗೋಡೆಗೇ. ಆ ದಿನ ನನಗೆ ಹೋದ ಜೀವ ಬಂತು.

ಮಳೆಗಾಲಕ್ಕೆ ಮತ್ತೊಮ್ಮೆ ಹೊಡೆಯಿತು. ಅದೇ ಆಸ್ಪತ್ರೆ, ಅದೇ ಡಾಕ್ಟರು. ಈ ಸಲ ನಗೆಯಾಡುತ್ತಲೇ ಅದೇ ಪ್ರಶ್ನೆ ಕೇಳಿದರು. ಅವಳು ನನ್ನನ್ನು ನೇರವಾಗಿ ನೋಡಿ, ಸೆರಗನ್ನೂ ಮುಟ್ಟದೆ, ನನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. “ಮಕ್ತಲ್‌ದಾಗ ಅರಿವಿ ಅಂಗಡಿ ಇಟ್ಟಾರಲ್ರಿ, ಅವರು.”

ನೆನಪು ಮರಳಿತೆಂದು ಡಾಕ್ಟರು ಸಂತೋಷದಿಂದ ನನ್ನ ಭುಜ ತಟ್ಟಿದರು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು.

ನಾನು ಮಂಚದ ಪಕ್ಕದಲ್ಲಿ ಕುಳಿತೆ. ಅವಳು ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ನನ್ನನ್ನೇ ಕೇಳಿದಳು.

“ನಮ್ಮ ಮನಿಯವರು ಎಲ್ಲಿ ಹೋದ್ರು, ನೋಡೀರೇನ್ರಿ?”

“ಬರ್ತಾರ್ರಿ” ಎಂದೆ.