ಶ್ರಾವಣದ ಮೊಟ್ಟೆ

ಮೊನ್ನೆ ನನ್ನ ಬೇಕರಿಗೆ ಬಂದ ಮೊಟ್ಟೆಯ ರಟ್ಟಿನ ಟ್ರೇಗಳು ಮಳೆಗೆ ನೆನೆದಿದ್ದವು. ಡ್ರೈವರ್‌ನನ್ನು ಬೈಯಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ. ಒದ್ದೆ ರಟ್ಟು, ಅದಕ್ಕಂಟಿದ ಪುಕ್ಕ, ಕೋಳಿಫಾರಂನ ಆ ಹಸಿ ವಾಸನೆ... ಬೀದಿಯವರೆಲ್ಲ ಮೊಟ್ಟೆ ಅಕ್ಕ ಅನ್ನುತ್ತಿದ್ದವರ ಅಂಗಡಿ ಇದೇ ವಾಸನೆ ಹೊಡೆಯುತ್ತಿತ್ತು.

ಲಿಂಗರಾಜಪುರದಲ್ಲಿ ನನ್ನ ಬೇಕರಿಯ ಎದುರಿಗೇ ಇತ್ತು ಅಕ್ಕನ ಸಗಟು ಅಂಗಡಿ. ಹೊಸಕೋಟೆ ಆಚೆಯ ಒಂದು ಫಾರಂನಿಂದ ಬರುವ ವ್ಯಾನು ಕೆ.ಆರ್. ಪುರದ ಟ್ರಾಫಿಕ್ಕಿಗೆ ಸಿಕ್ಕಿ ತಡವಾಯಿತೋ, ಡ್ರೈವರ್‌ಗೆ ದೇವರೇ ಗತಿ. ಬೈಗುಳ ಕನ್ನಡದಲ್ಲಿ ಶುರುವಾಗಿ, ತಮಿಳಿಗೆ ಹಾದು, ಉರ್ದುವಿನಲ್ಲಿ ಮುಗಿಯುತ್ತಿತ್ತು. ನನ್ನದೇನು ಕಮ್ಮಿ ಬಾಯಲ್ಲ, ಆದರೂ ಅಕ್ಕನ ಮುಂದೆ ಬಾಲ ಮುದುರಿಕೊಂಡಿರುತ್ತಿದ್ದೆ.

ಶ್ರಾವಣ ಬಂದರೆ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಮೊಟ್ಟೆ ಬಂದ್. ವ್ಯಾಪಾರಿಗಳೆಲ್ಲ ಫಾರಂನಿಂದ ತರಿಸುವುದನ್ನೇ ಕಡಿಮೆ ಮಾಡುತ್ತಿದ್ದರು. ಒಂದು ವರ್ಷ ಫಾರಂ ಯಜಮಾನರು ಅಕ್ಕನಿಗೆ ಫೋನ್ ಮಾಡಿ ಗೋಳಾಡಿದರಂತೆ. ಯಾರೂ ಮಾಲು ಎತ್ತುತ್ತಿಲ್ಲ, ಫೀಡಿನ ದುಡ್ಡೂ ಹುಟ್ಟುತ್ತಿಲ್ಲ, ಹೀಗೇ ಆದರೆ ಮೊಟ್ಟೆ ಇಡುವ ಕೋಳಿಗಳನ್ನೇ ಮಾಂಸಕ್ಕೆ ಮಾರಿ ಫಾರಂ ಮುಚ್ಚಬೇಕು ಅಂತ. ಎಂದಿನಷ್ಟೇ ಕಳಿಸಿ ಅಂದುಬಿಟ್ಟರು ಅಕ್ಕ.

"ತಲೆ ಕೆಟ್ಟಿದೆಯಾ ಅಕ್ಕಾ? ನಿಮಗ್ಯಾಕೆ ಬೇಕು ಈ ಉಸಾಬರಿ? ಕೆಟ್ಟೋದ್ರೆ ಏನ್ಮಾಡ್ತೀರಾ?" ಅಂತ ರೇಗಿದೆ.

"ಕೋಳಿಗೆ ಶ್ರಾವಣ ಗೊತ್ತೇನೋ? ಅದು ಇಡ್ತಾನೇ ಇರುತ್ತೆ. ಈಗ ಬೇಡ ಅಂದ್ರೆ ಕ್ರಿಸ್‌ಮಸ್‌ಗೆ ಯಾವ ಮುಖ ಇಟ್ಕೊಂಡು ಕೇಳ್ಲಿ? ಮಾತು ಸಾಕು, ನಿನ್ ಪಾಲು ಎತ್ಕೋ."

ಪಾಲಂತೆ ಪಾಲು! ಗೊಣಗಿಕೊಂಡೇ ಎತ್ತಿಕೊಂಡೆ. ಬನ್ ಕಡಿಮೆ ಮಾಡಿ, ಶ್ರಾವಣ ಹಿಡಿಯದ ಫ್ರೇಜರ್ ಟೌನ್ ಕಡೆಯ ಗಿರಾಕಿಗಳಿಗೆ ಕೇಕ್ ಜಾಸ್ತಿ ಮಾಡಿದೆ. ಮಿಕ್ಕದ್ದನ್ನು ಅಕ್ಕ ಆಟೋದಲ್ಲಿ ಹಾಕಿಕೊಂಡು ಶಿವಾಜಿನಗರದ ಹೋಟೆಲು, ಹಲಸೂರಿನ ಮೆಸ್ಸು, ವಿಮಾನಪುರದ ಎಗ್‌ರೈಸ್ ಗಾಡಿ ಅಂತ ಊರೆಲ್ಲ ಅಲೆದರು. ಕಾಲು ಊದಿಕೊಂಡಿತ್ತು, ಪಾಪ. ಆ ತಿಂಗಳು ಲಾಭ ಅಂತ ಏನೂ ಕಾಣಲಿಲ್ಲ, ಫಾರಂ ಮಾತ್ರ ಉಳಿಯಿತು.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಟ್ರೇ ಜೋಡಿಸುತ್ತಾ ಎದೆ ಹಿಡೀತಿದೆ ಅಂದವರು... ಆಸ್ಪತ್ರೆ ಮುಟ್ಟಲೇ ಇಲ್ಲ. ಅಂಗಡಿಯ ಷಟರ್ ಬಿತ್ತು.

ಕ್ರಿಸ್‌ಮಸ್ ಹತ್ತಿರವಾದಂತೆ ಮೊಟ್ಟೆಗೆ ಹಾಹಾಕಾರ. ದೊಡ್ಡ ಕಂಪನಿಗಳು ಫಾರಂ ಫಾರಂಗಳನ್ನೇ ಮೊದಲೇ ಬುಕ್ ಮಾಡಿಕೊಂಡಿದ್ದವು. ನನ್ನ ಮುಂದೆ ಪ್ಲಮ್ ಕೇಕಿನ ಆರ್ಡರ್ ರಾಶಿ. ನಮ್ಮಂಥವರಿಗೆ ಇಡೀ ವರ್ಷದ ಬದುಕು ಆ ವಾರದ ಮೇಲೆ ನಿಂತಿರುತ್ತದೆ. ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಆಗ ಆ ಹಳೇ ವ್ಯಾನು ಬಂದು, ಅಕ್ಕನ ಮುಚ್ಚಿದ ಷಟರ್ ಮುಂದೆ ನಿಂತಿತು. ಇವನಿಗೆ ವಿಷಯ ಗೊತ್ತಿಲ್ಲ ಅಂದುಕೊಂಡು ಓಡಿದೆ.

"ಅಕ್ಕ ಹೋಗ್ಬಿಟ್ರಪ್ಪಾ..."

"ಗೊತ್ತು ಸಾರ್," ಅಂದ ಡ್ರೈವರ್. "ಶ್ರಾವಣದಲ್ಲಿ ಅಕ್ಕನ ಹತ್ರ ಯಾರ್ಯಾರು ತಗೊಂಡ್ರೋ ಅವ್ರಿಗೇ ಇಳಿಸು ಅಂದಿದ್ದಾರೆ ಯಜಮಾನ್ರು. ನಿಮ್ ಪಾಲು ಎತ್ಕೊಳ್ಳಿ."

ನಡುಬೀದಿಯಲ್ಲಿ ನಿಂತು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಅಕ್ಕನ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನನಗೆ ಮೊಟ್ಟೆ ಬರುವುದು ಇಂದಿಗೂ ಅದೇ ಫಾರಂನಿಂದ, ಶ್ರಾವಣದಲ್ಲೂ ಒಂದು ಟ್ರೇ ಕಡಿಮೆ ಮಾಡುವುದಿಲ್ಲ. ತಲೆ ಕೆಟ್ಟಿದೆಯಾ ಅಂತ ಹೆಂಡತಿ ರೇಗುತ್ತಾಳೆ. ಮೊನ್ನೆ ಆ ಒದ್ದೆ ಟ್ರೇಗಳನ್ನೆಲ್ಲ ಒಳಗಿಟ್ಟು, ಅಭ್ಯಾಸಬಲದಿಂದ ಎದುರಿಗೆ ನೋಡಿದೆ. ಬೈಸಿಕೊಳ್ಳೋಣ ಅಂದರೂ ಅಕ್ಕ ಇರಲಿಲ್ಲ.